ಯುಬ್ಲಾಕ್ ಆರಿಜಿನ್: ಕುಕೀ ಬ್ಯಾನರಿನ ಮುಂದೆ ಸುಮ್ಮನಿರುವ ಹಕ್ಕು

ಬಟ್ಟೆ ಒಗೆಯುವ ಯಂತ್ರ ಅರ್ಧಕ್ಕೇ ನಿಂತು, ಅದರ ಪುಟ್ಟ ಪರದೆಯಲ್ಲಿ ಒಂದು ಅಕ್ಷರವೂ ಎರಡು ಅಂಕಿಗಳೂ ಮಿನುಗತೊಡಗಿದ್ದವು. ಒಳಗೆ ನೀರು ತುಂಬಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಒಂದೇ ಒಂದು ವಾಕ್ಯ, ಆ ಸಂಕೇತದ ಅರ್ಥವೇನು ಎಂಬುದು. ಫೋನಿನಲ್ಲಿ ಹುಡುಕಿ ಮೊದಲು ಸಿಕ್ಕ ಪುಟವನ್ನು ತೆರೆದೆ. ಶೀರ್ಷಿಕೆ ಕಣ್ಣಿಗೆ ಬೀಳುವಷ್ಟರಲ್ಲಿ ಪರದೆಯ ಮುಕ್ಕಾಲು ಭಾಗವನ್ನು ಮುಚ್ಚಿಕೊಂಡು ಕುಕೀ ಬ್ಯಾನರ್ ಮೇಲೆದ್ದಿತು. ತಾವೂ ತಮ್ಮ ನೂರಾರು ಪಾಲುದಾರರೂ ನನ್ನ ಖಾಸಗಿತನವನ್ನು ಗೌರವಿಸುವುದಾಗಿ ಅದರಲ್ಲಿ ಬರೆದಿತ್ತು. ಕೆಳಗೆ ದಟ್ಟ ಹಸಿರಿನಲ್ಲಿ ‘ಎಲ್ಲವನ್ನೂ ಒಪ್ಪುತ್ತೇನೆ’ ಎಂಬ ದೊಡ್ಡ ಬಟನ್, ಅದರ ಪಕ್ಕದಲ್ಲಿ ತೆಳು ಬೂದು ಅಕ್ಷರಗಳಲ್ಲಿ ‘ಆಯ್ಕೆಗಳನ್ನು ನಿರ್ವಹಿಸಿ’ ಎಂಬ ಎರಡು ಪದ. ‘ಬೇಡ’ ಎನ್ನುವ ಬಟನ್ ಎಲ್ಲಿಯೂ ಇರಲಿಲ್ಲ.

ಬೂದು ಅಕ್ಷರಗಳನ್ನೇ ಒತ್ತಿದೆ. ಉದ್ದೇಶಗಳ ಒಂದು ಉದ್ದನೆಯ ಪಟ್ಟಿ ತೆರೆದುಕೊಂಡಿತು. ಎಲ್ಲ ಸ್ವಿಚ್‌ಗಳೂ ಆಫ್ ಆಗಿಯೇ ಇದ್ದುದರಿಂದ ಸಮಾಧಾನಪಟ್ಟುಕೊಂಡು ಮುಂದುವರಿಯಲು ಹೊರಟಾಗ, ಪಕ್ಕದಲ್ಲಿ ‘ನ್ಯಾಯಸಮ್ಮತ ಹಿತಾಸಕ್ತಿ’ (ಒಪ್ಪಿಗೆ ಕೇಳದೆಯೇ ಮಾಹಿತಿ ಬಳಸಲು ಕಂಪನಿಗಳು ಮುಂದಿಡುವ ಕಾರಣ) ಎಂಬ ಇನ್ನೊಂದು ಟ್ಯಾಬ್ ಇರುವುದು ಕಂಡಿತು. ಅದರೊಳಗಿನ ಸ್ವಿಚ್‌ಗಳೆಲ್ಲವೂ ಆನ್ ಆಗಿದ್ದವು. ಒಂದೊಂದನ್ನೇ ಆಫ್ ಮಾಡಿ, ಉಳಿಸಿ, ಹೊರಬಂದೆ. ಆಮೇಲೆ ನೋಟಿಫಿಕೇಷನ್ ಕಳುಹಿಸಲು ಅನುಮತಿ ಕೇಳುವ ಕಿಟಕಿ ಬಂತು, ಅದನ್ನು ಮುಚ್ಚಿದ ಮೇಲೆ ಇಮೇಲ್ ವಿಳಾಸ ಕೇಳುವ ಫಲಕ ಬಂತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಸಂಬಂಧವೇ ಇಲ್ಲದ ವಿಡಿಯೊ ಒಂದು ತಾನಾಗಿಯೇ ಓಡತೊಡಗಿತ್ತು. ಓದಲು ಶುರುಮಾಡಿದಾಗ ತಡವಾಗಿ ಬಂದ ಜಾಹೀರಾತೊಂದು ಸಾಲುಗಳನ್ನೆಲ್ಲ ಕೆಳಕ್ಕೆ ತಳ್ಳಿತು, ಬೆರಳು ಆ ಜಾಹೀರಾತಿನ ಮೇಲೆಯೇ ಬಿತ್ತು, ಬೇರೆಯದೇ ಪುಟ ತೆರೆಯಿತು. ಕೊನೆಗೆ, ಹತ್ತಾರು ಪ್ಯಾರಾಗಳ ಪೀಠಿಕೆಯ ಕೆಳಗೆ ಉತ್ತರ ಸಿಕ್ಕಿತು: ನೀರು ಹೊರಹೋಗುವ ದಾರಿಯ ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡಿದೆ, ಬಿಚ್ಚಿ ತೊಳೆಯಬೇಕು.

ನನ್ನ ಕಂಪ್ಯೂಟರಿನಲ್ಲಿ ಇಂಥದ್ದನ್ನು ನೋಡಿ ಬಹಳ ಕಾಲವಾಗಿತ್ತು, ಏಕೆಂದರೆ ಅಲ್ಲಿ ಯುಬ್ಲಾಕ್ ಆರಿಜಿನ್ ಎಂಬ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಜೋಡಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಇದೆ. ಫೋನಿಗೂ ಅದನ್ನು ಹಾಕಿಕೊಂಡದ್ದು ಅಂದು ಸಂಜೆಯೇ. ಜಾಹೀರಾತು ತಡೆಯುವ ಸಾಧನವೆಂದೇ ಇದು ಹೆಸರಾಗಿದೆ, ಆ ಕೆಲಸದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಇಲ್ಲಿ ತೂಗಿ ನೋಡಬೇಕೆಂದಿರುವುದು ಅದರ ಇನ್ನೊಂದು ಉಪಯೋಗವನ್ನು, ಅಂದರೆ ಕುಕೀ ಬ್ಯಾನರ್‌ಗಳನ್ನೂ ಪುಟದ ಮೇಲೆ ತೇಲುವ ಇತರ ಅಡಚಣೆಗಳನ್ನೂ ಅದು ಎಷ್ಟರಮಟ್ಟಿಗೆ ನಿವಾರಿಸುತ್ತದೆ, ಹಾಗೆ ನಿವಾರಿಸಿದಾಗ ನಿಜವಾಗಿ ಏನಾಗುತ್ತದೆ ಎಂಬುದನ್ನು.

ಕುಕೀ ಎಂಬುದು ಸ್ವತಃ ಕೆಟ್ಟದ್ದಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಅದನ್ನು ರೂಪಿಸಿದ್ದು ತೀರಾ ಸರಳವಾದ ಒಂದು ಅಗತ್ಯಕ್ಕಾಗಿ. ಒಂದು ಪುಟದಿಂದ ಇನ್ನೊಂದಕ್ಕೆ ಹೋದ ಕೂಡಲೇ ವೆಬ್‌ಸೈಟಿಗೆ ನಮ್ಮ ನೆನಪೇ ಇರುತ್ತಿರಲಿಲ್ಲ. ಬುಟ್ಟಿಗೆ ಹಾಕಿದ ವಸ್ತು ಬುಟ್ಟಿಯಲ್ಲೇ ಉಳಿಯಬೇಕಾದರೆ ಬ್ರೌಸರಿನಲ್ಲಿ ಒಂದು ಚಿಕ್ಕ ಚೀಟಿಯನ್ನು ಬರೆದಿಡಬೇಕಿತ್ತು. ಅದೇ ಚೀಟಿಯನ್ನು ಜಾಹೀರಾತಿನ ಕಂಪನಿಗಳು ನೂರಾರು ಸೈಟ್‌ಗಳ ಮೂಲಕ ಇಟ್ಟು ಓದತೊಡಗಿದಾಗ, ಒಬ್ಬ ವ್ಯಕ್ತಿ ಬೆಳಗ್ಗೆ ಓದಿದ್ದನ್ನೂ ರಾತ್ರಿ ಹುಡುಕಿದ್ದನ್ನೂ ಒಂದೇ ಕಡೆ ಜೋಡಿಸುವುದು ಸಾಧ್ಯವಾಯಿತು. ಯುರೋಪಿಯನ್ ಒಕ್ಕೂಟ 2002ರಲ್ಲಿ ಇದರ ಬಗ್ಗೆ ನಿರ್ದೇಶನವೊಂದನ್ನು ಹೊರಡಿಸಿತು, 2009ರಲ್ಲಿ ಅದನ್ನು ತಿದ್ದಿ, ಅನಿವಾರ್ಯವಲ್ಲದ ಕುಕೀಗಳಿಗೆ ಮೊದಲೇ ಒಪ್ಪಿಗೆ ಪಡೆಯಬೇಕು ಎಂದಿತು. 2018ರ ಮೇ 25ರಿಂದ ಜಾರಿಗೆ ಬಂದ ಜಿಡಿಪಿಆರ್ ಎಂಬ ಒಕ್ಕೂಟದ ಮಾಹಿತಿ ರಕ್ಷಣಾ ಕಾನೂನು ಆ ಒಪ್ಪಿಗೆ ಹೇಗಿರಬೇಕು ಎಂಬುದನ್ನು ಬಿಗಿಗೊಳಿಸಿತು. ಬ್ಯಾನರ್‌ಗಳು ಪ್ರಪಂಚದ ಎಲ್ಲ ಕಡೆಯ ಓದುಗರ ಮುಂದೆ ಪ್ರತ್ಯಕ್ಷವಾದದ್ದು ಹೀಗೆ. ಲಾಗಿನ್ ಆಗಿರುವುದನ್ನು ನೆನಪಿಡುವಂಥ ಅಗತ್ಯದ ಕುಕೀಗಳಿಗೆ ಈ ಕಾನೂನು ಒಪ್ಪಿಗೆಯನ್ನೇ ಕೇಳುವುದಿಲ್ಲ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬ್ಯಾನರ್ ಇದೆ ಎಂದರೆ ಸಾಮಾನ್ಯವಾಗಿ ಅದರ ಹಿಂದೆ, ಓದುವುದಕ್ಕೆ ಬೇಡವಾದ ಏನನ್ನೋ ಮಾಡುವ ಇರಾದೆ ಇದೆ ಎಂದೇ ಅರ್ಥ.

ನಮ್ಮಲ್ಲಿ ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಜಿಡಿಪಿಆರ್ ಹೇಳುವುದು ಇದಕ್ಕೆ ತದ್ವಿರುದ್ಧ. ಮೌನವಾಗಲಿ, ಮೊದಲೇ ಟಿಕ್ ಹಾಕಿಟ್ಟ ಚೌಕಗಳಾಗಲಿ, ಏನನ್ನೂ ಮಾಡದೆ ಇರುವುದಾಗಲಿ ಒಪ್ಪಿಗೆಯಲ್ಲ ಎಂದು ಅದರ ಪೀಠಿಕೆಯ 32ನೆಯ ಅಂಶ ಸ್ಪಷ್ಟವಾಗಿ ಹೇಳುತ್ತದೆ. ಪ್ಲಾನೆಟ್49 ಎಂಬ ಕಂಪನಿಯ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು, ಬಳಕೆದಾರರು ತೆಗೆಯದೆ ಬಿಟ್ಟ ಟಿಕ್ ಗುರುತು ಒಪ್ಪಿಗೆಯಾಗದು ಎಂದು ತೀರ್ಪು ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ. ಆ ಕಾನೂನಿನ ಪ್ರಕಾರ ನಾನು ಸುಮ್ಮನಿದ್ದರೆ ಉತ್ತರ ‘ಬೇಡ’ ಎಂದೇ. ಹಾಗಿದ್ದ ಮೇಲೆ ನನ್ನನ್ನು ಸುಮ್ಮನಿರಲು ಬಿಡದೆ, ಪುಟವನ್ನು ಮುಚ್ಚಿಹಿಡಿದು, ಹೂಂ ಎನ್ನುವವರೆಗೂ ದಾರಿಗೆ ಅಡ್ಡ ನಿಲ್ಲುವುದೇ ಬ್ಯಾನರಿನ ಕೆಲಸವಾಗಿಬಿಟ್ಟಿದೆ.

ಇದು ಕೇವಲ ನನ್ನ ಅನಿಸಿಕೆಯಲ್ಲ. 2020ರಲ್ಲಿ ಎಂಐಟಿ, ಲಂಡನ್ನಿನ ಯುಸಿಎಲ್ ಮತ್ತು ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯಗಳ ಸಂಶೋಧಕರು, ಸೈಟ್‌ಗಳಿಗೆ ಸಿದ್ಧ ಬ್ಯಾನರ್ ಒದಗಿಸುವ, ಹೆಚ್ಚು ಬಳಕೆಯಲ್ಲಿರುವ ಐದು ಸೇವೆಗಳನ್ನು ಅಳವಡಿಸಿಕೊಂಡಿದ್ದ 680 ಬ್ರಿಟಿಷ್ ವೆಬ್‌ಸೈಟ್‌ಗಳನ್ನು ಪರಿಶೀಲಿಸಿದಾಗ, ಕಾನೂನಿನ ಕನಿಷ್ಠ ಷರತ್ತುಗಳನ್ನು ಪೂರೈಸಿದವು ಶೇ. 11.8 ಮಾತ್ರ. ನಿರಾಕರಿಸುವ ಬಟನ್ನನ್ನು ಮೊದಲ ಪರದೆಯಿಂದ ತೆಗೆದುಬಿಟ್ಟರೆ ಒಪ್ಪಿಗೆಯ ಪ್ರಮಾಣ 22ರಿಂದ 23 ಶೇಕಡಾಂಶದಷ್ಟು ಏರುತ್ತದೆ ಎಂಬುದನ್ನೂ ಅವರು ತೋರಿಸಿದರು. ಆ ಬೂದು ಅಕ್ಷರಗಳು ಅಷ್ಟು ತೆಳುವಾಗಿರುವುದು ಆಕಸ್ಮಿಕವಲ್ಲ.

ನನ್ನ ಅಮ್ಮ ಫೋನಿನಲ್ಲಿ ಓದುವುದನ್ನು ಒಮ್ಮೆ ಪಕ್ಕದಲ್ಲೇ ಕುಳಿತು ನೋಡಿದೆ. ಬ್ಯಾನರ್ ಬಂದ ಕೂಡಲೇ ಅವರ ಹೆಬ್ಬೆರಳು, ಕಣ್ಣು ಅದನ್ನು ಓದುವ ಮೊದಲೇ, ಹಸಿರು ಬಟನ್ನಿನ ಮೇಲೆ ಹೋಗಿ ಕುಳಿತಿತು. ಅದು ಏನು ಕೇಳಿತಮ್ಮ ಎಂದು ವಿಚಾರಿಸಿದೆ. “ಏನೋ ಕೇಳ್ತು ಕಣೋ, ಹೂಂ ಅಂದೆ. ಇಲ್ಲಾಂದ್ರೆ ಓದೋಕೆ ಬಿಡಲ್ಲ” ಎಂದರು. ಯಾವುದೋ ಕಂಪ್ಯೂಟರಿನಲ್ಲಿ ಅವರ ಆ ಬೇಸತ್ತ ಹೂಂಕಾರ, ತಿಳಿದು ಕೊಟ್ಟ ಒಪ್ಪಿಗೆ ಎಂದು ದಾಖಲಾಗಿರುತ್ತದೆ. ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಯುಬ್ಲಾಕ್ ಆರಿಜಿನ್ ಅನ್ನು ಬರೆದವರು ರೇಮಂಡ್ ಹಿಲ್. 2014ರಲ್ಲಿ ಯುಬ್ಲಾಕ್ ಎಂಬ ಹೆಸರಿನಿಂದ ಶುರುವಾದ ಯೋಜನೆ ಮರುವರ್ಷ ಕವಲೊಡೆದ ಮೇಲೆ, ಅವರು ಮುಂದುವರಿಸಿದ ಕವಲಿಗೆ ಈ ಹೆಸರು ಬಂದಿತು. ಇದು ಉಚಿತ, ಇದರ ಮೂಲ ಸಂಕೇತ (ಸೋರ್ಸ್ ಕೋಡ್) ಯಾರು ಬೇಕಾದರೂ ನೋಡುವಂತೆ ಮುಕ್ತವಾಗಿದೆ, ಯಾರಿಂದಲೂ ದೇಣಿಗೆಯನ್ನು ಕೂಡ ಕೇಳುವುದಿಲ್ಲ. ಹಣ ಕೊಟ್ಟ ಜಾಹೀರಾತುಗಳನ್ನು ಒಳಗೆ ಬಿಡುವ ಒಪ್ಪಂದವೂ ಇದರಲ್ಲಿ ಇಲ್ಲ. ಓದುಗರ ಬ್ರೌಸರಿನೊಳಗೆ ಕುಳಿತು ಅವರು ತೆರೆಯುವ ಪ್ರತಿ ಪುಟವನ್ನೂ ನೋಡಬಲ್ಲ ಒಂದು ಸಾಧನದ ವಿಷಯದಲ್ಲಿ ಇಷ್ಟು ವಿಶ್ವಾಸ ಇರಲೇಬೇಕಾಗುತ್ತದೆ.

ಹಾಕಿಕೊಂಡ ತಕ್ಷಣ ಕುಕೀ ಬ್ಯಾನರ್‌ಗಳು ಮಾಯವಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅನೇಕರು ಇಲ್ಲಿಯೇ ನಿರಾಶರಾಗುತ್ತಾರೆ. ಆರಂಭದಲ್ಲಿ ಅದು ತಡೆಯುವುದು ಜಾಹೀರಾತುಗಳನ್ನು, ನಮ್ಮ ಜಾಡು ಹಿಡಿಯುವ ಟ್ರ್ಯಾಕರ್‌ಗಳನ್ನು ಮತ್ತು ಅಪಾಯಕಾರಿ ಎಂದು ಗೊತ್ತಾಗಿರುವ ವಿಳಾಸಗಳನ್ನು. ಬ್ಯಾನರ್‌ಗಳಿಗಾಗಿ ಎಕ್ಸ್‌ಟೆನ್ಷನ್‌ನ ಐಕಾನ್ ಒತ್ತಿ, ಹಲ್ಲುಚಕ್ರದ ಚಿತ್ರವನ್ನು ಒತ್ತಿ ಡ್ಯಾಶ್‌ಬೋರ್ಡಿಗೆ ಹೋಗಿ, ಅಲ್ಲಿ ಏನನ್ನು ತಡೆಯಬೇಕೆಂಬ ನಿಯಮಗಳ ಪಟ್ಟಿಗಳಿರುವ ಫಿಲ್ಟರ್ ಲಿಸ್ಟ್ ಎಂಬ ಟ್ಯಾಬಿನಲ್ಲಿ ಕುಕೀ ನೋಟಿಸ್‌ಗಳ ವಿಭಾಗಕ್ಕೆ ಟಿಕ್ ಹಾಕಿ, ಬದಲಾವಣೆಗಳನ್ನು ಅನ್ವಯಿಸಬೇಕು. ಅದರ ಕೆಳಗೆ ಇಂಥ ಕಿರಿಕಿರಿಗಳಿಗೆಂದೇ ಇರುವ ಇತರ ವಿಭಾಗಗಳಲ್ಲಿ ಇಮೇಲ್ ಕೇಳುವ ಫಲಕಗಳು, ಮೂಲೆಯಲ್ಲಿ ಪುಟಿಯುವ ಚಾಟ್ ಗುಳ್ಳೆಗಳು, ನೋಟಿಫಿಕೇಷನ್ ಬೇಡಿಕೆಗಳು, ಹಂಚಿಕೊಳ್ಳುವ ಬಟನ್ನುಗಳ ಸಾಲುಗಳು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಪಟ್ಟಿಗಳಿವೆ. ಎರಡು ನಿಮಿಷಕ್ಕಿಂತ ಹೆಚ್ಚಿನ ಕೆಲಸವಲ್ಲ. ಆದರೂ ಡ್ಯಾಶ್‌ಬೋರ್ಡ್ ತಿಳಿದವರಿಗಾಗಿ ಮಾಡಿದಂತೆ ಕಾಣುತ್ತದೆ, ಅಲ್ಲಿನ ಸಣ್ಣ ಅಕ್ಷರಗಳೂ ವಿವರಣೆಯಿಲ್ಲದ ಹೆಸರುಗಳೂ ಹೊಸಬರನ್ನು ಹೆದರಿಸುತ್ತವೆ. ಈ ಒಂದು ವಿಷಯದಲ್ಲಿ ನಾನು ಅಂಕ ಕಡಿಮೆ ಕೊಡುತ್ತೇನೆ.

ಅದೇ ವಾಷಿಂಗ್ ಮಷೀನಿನ ಪುಟವನ್ನು ಫೋನಿನ ಫೈರ್‌ಫಾಕ್ಸ್‌ನಲ್ಲಿ ಮತ್ತೆ ತೆರೆದು ನೋಡಿದೆ. ಬ್ಯಾನರ್ ಇಲ್ಲ, ವಿಡಿಯೊ ಇಲ್ಲ, ಇಮೇಲ್ ಫಲಕ ಇಲ್ಲ. ಸಾಲುಗಳು ತಮ್ಮ ಜಾಗದಲ್ಲೇ ನಿಂತಿದ್ದವು. ಪೀಠಿಕೆಯ ಪ್ಯಾರಾಗಳು ಮಾತ್ರ ಹಾಗೆಯೇ ಇದ್ದವು, ಅವನ್ನು ತೆಗೆಯುವ ಫಿಲ್ಟರ್ ಇನ್ನೂ ಯಾರೂ ಬರೆದಿಲ್ಲ. ಇಂದಿನ ಸಾಧಾರಣ ವೆಬ್ ಪುಟವೊಂದರ ತೂಕ 2 ಎಂ.ಬಿ.ಗಿಂತ ಹೆಚ್ಚು; ಅದರಲ್ಲಿ ಓದಬೇಕಾದ ಪಠ್ಯ ಕೆಲವೇ ಕೆ.ಬಿ. ಇರುತ್ತದೆ. ತಡೆದ ಸ್ಕ್ರಿಪ್ಟ್‌ಗಳು (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳು) ಇಳಿದು ಬರುವುದೇ ಇಲ್ಲವಾದ್ದರಿಂದ, ಹಳೆಯ ಫೋನಿನಲ್ಲಿಯೂ ನಿಧಾನವಾದ ಸಂಪರ್ಕದಲ್ಲಿಯೂ ಆಗುವ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ಬ್ಯಾನರನ್ನು ಮರೆಮಾಡಿದಾಗ ನಿಜವಾಗಿ ಏನಾಗುತ್ತದೆ? ಬಹುತೇಕ ನಿಯಮಗಳು ಬ್ಯಾನರಿನ ಸ್ಕ್ರಿಪ್ಟನ್ನು ತಡೆಯುತ್ತವೆ ಅಥವಾ ಅದರ ಚೌಕಟ್ಟನ್ನು ಪರದೆಯಿಂದ ಅಡಗಿಸುತ್ತವೆ. ಪ್ರಶ್ನೆಯೇ ನಮ್ಮನ್ನು ತಲುಪುವುದಿಲ್ಲ, ನಾವು ಉತ್ತರ ಕೊಡುವುದಿಲ್ಲ, ಕಾನೂನನ್ನು ಪಾಲಿಸುವ ಸೈಟ್ ನಮ್ಮ ಮೌನವನ್ನು ನಿರಾಕರಣೆ ಎಂದೇ ಭಾವಿಸಬೇಕಾಗುತ್ತದೆ. ಆದರೆ ಎಲ್ಲ ಸೈಟ್‌ಗಳ ವಿಷಯದಲ್ಲೂ ಹೀಗಾಗುವುದಿಲ್ಲ. ಉತ್ತರ ಸಿಗದೆ ಮುಂದುವರಿಯದ ಕೆಲವು ಸೈಟ್‌ಗಳಿಗಾಗಿ ಪಟ್ಟಿಯನ್ನು ಬರೆದವರು ಬೇರೆ ಬಗೆಯ ನಿಯಮಗಳನ್ನಿಟ್ಟಿದ್ದಾರೆ. ಅವು ನಮ್ಮ ಪರವಾಗಿ ಬಟನ್ನನ್ನು ಒತ್ತುತ್ತವೆ, ಇಲ್ಲವೇ ಉತ್ತರದ ಕುಕೀಯನ್ನು ತಾವೇ ಬರೆದಿಡುತ್ತವೆ, ಮತ್ತು ಆ ಉತ್ತರ ಯಾವಾಗಲೂ ‘ಬೇಡ’ ಎಂದೇ ಇರುತ್ತದೆ ಎನ್ನುವಂತಿಲ್ಲ. ಬಳಸುವವರು ಇದನ್ನು ತಿಳಿದಿರಬೇಕು. ಇನ್ನು, ಒಪ್ಪಿಗೆಗೆ ಕಾಯದೆಯೇ ಜಾಡು ಹಿಡಿಯುವ ಸೈಟ್‌ಗಳೂ, ಮೌನವನ್ನು ನಿರಾಕರಣೆ ಎಂದು ಪರಿಗಣಿಸದ ಕಾನೂನುಗಳೂ ಇವೆ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಜಾರಿಯಲ್ಲಿರುವ ಕಾನೂನು ಮೊದಲೇ ಒಪ್ಪಿಗೆ ಪಡೆಯಬೇಕೆಂದು ಹೇಳುವುದಿಲ್ಲ. ತಮ್ಮ ಮಾಹಿತಿಯನ್ನು ಮಾರಬೇಡಿ ಎಂದು ಬಳಕೆದಾರರೇ ಹೇಳಬೇಕು. ಇಂಥ ಕಡೆಗಳಲ್ಲಿ ಬರೀ ಬ್ಯಾನರನ್ನು ಅಡಗಿಸುವುದರಿಂದ ಕಣ್ಣಿಗೆ ಹಿತವಾದೀತೇ ಹೊರತು ರಕ್ಷಣೆ ಸಿಗದು. ಟ್ರ್ಯಾಕರ್‌ಗಳ ವಿಳಾಸಗಳನ್ನೇ ತಡೆಯುವ ಪಟ್ಟಿ ಯುಬ್ಲಾಕ್ ಆರಿಜಿನ್‌ನಲ್ಲಿ ಮೊದಲಿನಿಂದಲೂ ಆನ್ ಆಗಿಯೇ ಇರುವುದು ಇದೇ ಕಾರಣಕ್ಕೆ ಮುಖ್ಯವಾಗುತ್ತದೆ. ಬ್ಯಾನರನ್ನು ಮಾತ್ರ ಅಡಗಿಸುವ ಎಕ್ಸ್‌ಟೆನ್ಷನ್‌ಗಳಿಗಿಂತ ನಾನು ಇದನ್ನು ಮೇಲೆಂದು ಪರಿಗಣಿಸುವುದೂ ಇದಕ್ಕಾಗಿಯೇ.

ತೊಂದರೆಗಳು ಇಲ್ಲವೆಂದಲ್ಲ. ಅತಿ ಸಾಮಾನ್ಯವಾದದ್ದು, ಬ್ಯಾನರ್ ಹೋದರೂ ಪುಟ ಸರಿಯದೆ ನಿಂತುಬಿಡುವುದು. ಬ್ಯಾನರ್ ತೆರೆದಿರುವಾಗ ಹಿಂದಿನ ಪುಟವನ್ನು ಕಟ್ಟಿಹಾಕುವ ಒಂದು ಸಾಲನ್ನು ಸೈಟ್ ಬರೆದಿರುತ್ತದೆ; ಬ್ಯಾನರ್ ಅಡಗಿದರೂ ಆ ಕಟ್ಟು ಬಿಚ್ಚಿಕೊಳ್ಳುವುದಿಲ್ಲ, ಮೊದಲ ಎರಡು ಪ್ಯಾರಾಗಳು ಕಾಣುತ್ತವೆ, ಕೆಳಗೆ ಹೋಗಲಾಗುವುದಿಲ್ಲ. ಒಪ್ಪಿಗೆ ಸಿಗುವವರೆಗೆ ತೆರೆದುಕೊಳ್ಳದ ವಿಡಿಯೊ ಮತ್ತು ನಕ್ಷೆಗಳ ಜಾಗದಲ್ಲಿ ಬರಿದಾದ ಬೂದು ಚೌಕ ಉಳಿಯುತ್ತದೆ. ಒಮ್ಮೆ ಟಿಕೆಟ್ ಕಾಯ್ದಿರಿಸುವಾಗ ನನಗೆ ಇದಕ್ಕಿಂತ ಕೆಟ್ಟ ಅನುಭವವಾಯಿತು. ಎಲ್ಲ ವಿವರಗಳನ್ನೂ ತುಂಬಿ ಕೊನೆಯ ಬಟನ್ ಒತ್ತಿದೆ, ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಆಗಲಿಲ್ಲ. ಕಾಣದ ಬ್ಯಾನರ್ ಇನ್ನೂ ಉತ್ತರಕ್ಕಾಗಿ ಕಾಯುತ್ತಿದೆ ಎಂಬುದು ಹೊಳೆಯುವಷ್ಟರಲ್ಲಿ ಕಾಯ್ದಿರಿಸುವ ಅವಧಿ ಮುಗಿದು, ಎಲ್ಲವನ್ನೂ ಮೊದಲಿನಿಂದ ತುಂಬಬೇಕಾಯಿತು. ಅಂದಿನಿಂದ ಹಣ ಕಟ್ಟುವ ಯಾವ ಸೈಟಿಗೆ ಹೋದರೂ, ಐಕಾನ್ ಒತ್ತಿದಾಗ ಕಾಣುವ ಆ ದೊಡ್ಡ ಪವರ್ ಬಟನ್ನನ್ನು ಒತ್ತಿ, ಆ ಸೈಟಿನ ಮಟ್ಟಿಗೆ ಎಕ್ಸ್‌ಟೆನ್ಷನನ್ನು ಮೊದಲೇ ಆಫ್ ಮಾಡಿಕೊಳ್ಳುತ್ತೇನೆ. ಅದನ್ನು ಅದು ನೆನಪಿಟ್ಟುಕೊಳ್ಳುತ್ತದೆ.

ಪಟ್ಟಿಗಳಿಗೆ ಸಿಗದ ಅಡಚಣೆಗಳಿಗಾಗಿ ಇರುವ ಎರಡು ಉಪಕರಣಗಳು ನನಗೆ ಬಹಳ ಇಷ್ಟ. ಮಿಂಚಿನ ಚಿತ್ರವಿರುವುದನ್ನು ಒತ್ತಿ ಪುಟದ ಯಾವ ಭಾಗವನ್ನು ಮುಟ್ಟಿದರೂ ಅದು ಆ ಹೊತ್ತಿಗೆ ಮಾಯವಾಗುತ್ತದೆ, ಪುಟವನ್ನು ಮರುತೆರೆದರೆ ವಾಪಸು ಬರುತ್ತದೆ. ಸರಿಯದೆ ನಿಂತ ಪುಟವನ್ನು ಬಿಡಿಸಲು ಕೂಡ ಅನೇಕ ಸಲ ಇದೇ ನೆರವಾಗಿದೆ. ಹನಿ ಹಾಕುವ ನಳಿಕೆಯ ಚಿತ್ರವಿರುವ ಇನ್ನೊಂದರಿಂದ ತೆಗೆದದ್ದು ಶಾಶ್ವತವಾಗಿ ಹೋಗುತ್ತದೆ. ನಾನು ದಿನವೂ ಓದುವ ಒಂದು ಸೈಟಿನಲ್ಲಿ, ಎಷ್ಟು ಕೆಳಗೆ ಹೋದರೂ ತಲೆಯ ಮೇಲೆ ಅಂಟಿಕೊಂಡೇ ಬರುವ ಅಗಲವಾದ ಪಟ್ಟಿಯೊಂದು ಇತ್ತು. ಅದನ್ನು ಮುಟ್ಟಿ, ಜಾರುಗುಂಡಿಯಿಂದ ಆಯ್ಕೆಯ ಅಳತೆಯನ್ನು ಸರಿಮಾಡಿ, ನಿಯಮವನ್ನು ಉಳಿಸಿದೆ. ಫೋನಿನ ಪರದೆಯಲ್ಲಿ ಮೂರು ಸಾಲು ಹೆಚ್ಚಿಗೆ ಕಾಣತೊಡಗಿತು. ದಿನಕ್ಕೆ ಮುಕ್ಕಾಲು ಗಂಟೆ ಓದುವವನಿಗೆ ಮೂರು ಸಾಲು ಕಡಿಮೆಯೇನಲ್ಲ.

ಇದೇ ಕೆಲಸಕ್ಕೆ ಬೇರೆ ಸಾಧನಗಳನ್ನೂ ಬಳಸಿ ನೋಡಿದ್ದೇನೆ. ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿರುವ ಕನ್ಸೆಂಟ್-ಒ-ಮ್ಯಾಟಿಕ್ ಬ್ಯಾನರನ್ನು ಅಡಗಿಸುವುದಿಲ್ಲ; ನಾವು ಮೊದಲೇ ಹೇಳಿಟ್ಟ ಆಯ್ಕೆಗಳಂತೆ ಅದರ ಸ್ವಿಚ್‌ಗಳನ್ನು ತಾನೇ ತುಂಬಿ ಮುಚ್ಚುತ್ತದೆ. ‘ಬೇಡ’ ಎಂಬುದು ದಾಖಲಾಗಲೇಬೇಕು ಎನ್ನುವವರಿಗೆ ಅದೇ ಸರಿಯಾದ ಆಯ್ಕೆ, ಅದರ ಹಿಂದಿನ ಪ್ರಾಮಾಣಿಕತೆಯೂ ಮೆಚ್ಚುವಂಥದ್ದು. ಆದರೆ ಅದು ಕೆಲಸ ಮಾಡುವುದು ತನಗೆ ಪರಿಚಯವಿರುವ ಬ್ಯಾನರ್ ಸೇವೆಗಳ ಜೊತೆ ಮಾತ್ರ, ಮತ್ತು ಅದು ತುಂಬುತ್ತಿರುವಾಗ ಕೆಲವು ಕ್ಷಣ ಕಾಯಬೇಕು. ಬ್ರೌಸರಿನಲ್ಲೇ ಇರುವ ರೀಡರ್ ವ್ಯೂ ಉದ್ದನೆಯ ಲೇಖನಗಳಿಗೆ ಅತ್ಯುತ್ತಮ. ಸಫಾರಿಯಲ್ಲಿ ಅದು 2010ರಿಂದಲೂ ಇದೆ; ಪುಟದ ಅಲಂಕಾರವನ್ನೆಲ್ಲ ಕಳಚಿ ಬರಹವನ್ನಷ್ಟೇ ಕಣ್ಣಮುಂದೆ ಇಡುತ್ತದೆ. ಪುಟ ಪೂರ್ತಿ ಇಳಿದ ಮೇಲಷ್ಟೇ ಅದರ ಕೆಲಸ ಶುರುವಾಗುವುದರಿಂದ ಟ್ರ್ಯಾಕರ್‌ಗಳನ್ನು ಅದು ತಡೆಯದು, ಪಟ್ಟಿ ಮತ್ತು ಕೋಷ್ಟಕಗಳಿರುವ ಪುಟಗಳಲ್ಲಿ ತಬ್ಬಿಬ್ಬಾಗುತ್ತದೆ.

ಯಾವ ಬ್ರೌಸರಿನಲ್ಲಿ ಬಳಸುತ್ತೀರಿ ಎಂಬುದರ ಮೇಲೆ ಈ ವಿಮರ್ಶೆಯ ತೀರ್ಪು ಬದಲಾಗುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಷನ್‌ಗಳ ನಿಯಮಾವಳಿಯನ್ನು ಬದಲಿಸಿ, ಯುಬ್ಲಾಕ್ ಆರಿಜಿನ್ ಆಧರಿಸಿದ್ದ ಹಳೆಯ ವ್ಯವಸ್ಥೆಯನ್ನು 2024 ಮತ್ತು 2025ರಲ್ಲಿ ಹಂತಹಂತವಾಗಿ ಕೊನೆಗೊಳಿಸಿತು. ಈಗ ಅಲ್ಲಿ ಸಿಗುವುದು ಯುಬ್ಲಾಕ್ ಆರಿಜಿನ್ ಲೈಟ್. ಅದರಲ್ಲೂ ಕುಕೀ ಬ್ಯಾನರ್‌ಗಳ ಪಟ್ಟಿಯನ್ನು ಆನ್ ಮಾಡಿಕೊಳ್ಳಬಹುದು, ದಿನನಿತ್ಯದ ಓದಿಗೆ ಅದು ಧಾರಾಳವಾಗಿ ಸಾಕಾಗುತ್ತದೆ. ಆದರೆ ಪಟ್ಟಿಗಳು ಎಕ್ಸ್‌ಟೆನ್ಷನ್ ಜೊತೆಗೇ ಕಟ್ಟಿಕೊಂಡು ಬರುವುದರಿಂದ, ಹೊಸ ಬ್ಯಾನರಿಗೆ ಬರೆದ ನಿಯಮ ಕೈಗೆ ಸಿಗಬೇಕಾದರೆ ಎಕ್ಸ್‌ಟೆನ್ಷನ್‌ನ ಮುಂದಿನ ಆವೃತ್ತಿಗಾಗಿ ಕಾಯಬೇಕು. ಪೂರ್ಣ ಆವೃತ್ತಿ ಬೇಕೆಂದರೆ ಫೈರ್‌ಫಾಕ್ಸ್ ಬಳಸುವುದೇ ಒಳ್ಳೆಯದು. ಆಂಡ್ರಾಯ್ಡ್ ಫೋನುಗಳ ಫೈರ್‌ಫಾಕ್ಸ್‌ನಲ್ಲೂ ಅದು ಪೂರ್ಣ ರೂಪದಲ್ಲೇ ಸಿಗುತ್ತದೆ. ಐಫೋನಿನಲ್ಲಿ ಸಫಾರಿಗೆ ಲೈಟ್ ಆವೃತ್ತಿಯೇ ಗತಿ.

ಜಾಹೀರಾತು ತಡೆದರೆ ಬರೆಯುವವರ ಹೊಟ್ಟೆಪಾಡು ಏನು ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ನಾನು ನಿಯಮಿತವಾಗಿ ಓದುವ ಎರಡು ಪತ್ರಿಕೆಗಳಿಗೆ ಚಂದಾ ಕಟ್ಟಿದ್ದೇನೆ. ಜಾಹೀರಾತನ್ನು ಪುಟದ ಅಂಚಿನಲ್ಲಿ ಮರ್ಯಾದೆಯಿಂದ ಇಟ್ಟು, ಓದುಗರ ಬೆನ್ನು ಹತ್ತದ ಕೆಲವು ಸೈಟ್‌ಗಳಲ್ಲಿ ಯುಬ್ಲಾಕ್ ಆರಿಜಿನ್ ಅನ್ನು ಆಫ್ ಮಾಡಿಟ್ಟಿದ್ದೇನೆ. ನನ್ನ ವಿರೋಧ ಜಾಹೀರಾತಿನ ಬಗ್ಗೆ ಅಲ್ಲ. ಒಂದು ವಾಕ್ಯ ಓದಲು ಬಂದವರ ಮುಂದೆ ಮೂರು ಪರದೆಗಳಷ್ಟು ಸ್ವಿಚ್‌ಗಳನ್ನು ಇಟ್ಟು, ಅವರು ದಣಿದು ಕೊಟ್ಟದ್ದನ್ನು ಒಪ್ಪಿಗೆ ಎಂದು ಕರೆಯುವುದರ ಬಗ್ಗೆ.

ಈ ಎಲ್ಲ ಸಾಹಸವೂ ಓದುಗರ ತಲೆಗೇ ಬರಬೇಕಾಗಿರಲಿಲ್ಲ. ‘ನನ್ನ ಜಾಡು ಹಿಡಿಯಬೇಡಿ’ ಎಂಬುದನ್ನು ಬ್ರೌಸರೇ ಪ್ರತಿ ಸೈಟಿಗೂ ತಿಳಿಸುವ ಡು ನಾಟ್ ಟ್ರ್ಯಾಕ್ ಎಂಬ ಸಂಕೇತ 2011ರಲ್ಲಿಯೇ ಫೈರ್‌ಫಾಕ್ಸಿಗೆ ಬಂದಿತ್ತು. ಪಾಲಿಸಲೇಬೇಕೆಂಬ ಕಾನೂನು ಇಲ್ಲದ್ದರಿಂದ ಸೈಟ್‌ಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರ ನಂತರದ ಗ್ಲೋಬಲ್ ಪ್ರೈವಸಿ ಕಂಟ್ರೋಲ್ ಎಂಬ ಸಂಕೇತಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ಬಲವಿದೆ. ಅದನ್ನು ಮಾನ್ಯ ಮಾಡದ ಆರೋಪವೂ ಸೇರಿದ್ದ ಪ್ರಕರಣದಲ್ಲಿ ಸೌಂದರ್ಯವರ್ಧಕಗಳನ್ನು ಮಾರುವ ಸೆಫೊರಾ ಕಂಪನಿ 2022ರಲ್ಲಿ 12 ಲಕ್ಷ ಡಾಲರ್ ಕಟ್ಟಬೇಕಾಯಿತು. ಖಾಸಗಿತನದ ಕಾನೂನುಗಳ ಪಾಲನೆಯನ್ನು ನೋಡಿಕೊಳ್ಳುವ ಫ್ರಾನ್ಸಿನ ಸಿಎನ್ಐಎಲ್ ಸಂಸ್ಥೆ, ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡದ ಕಾರಣಕ್ಕೆ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿದ ಮೇಲೆ, ಗೂಗಲ್ ಅದೇ ವರ್ಷ ಯುರೋಪಿನಲ್ಲಿ ಎಲ್ಲವನ್ನೂ ನಿರಾಕರಿಸುವ ಬಟನ್ನನ್ನು ಮೊದಲ ಪರದೆಗೇ ತಂದಿತು. ಮಾಡಬೇಕೆಂದರೆ ಮಾಡಬಹುದಾದ ಕೆಲಸವೇ ಅದು.

ಎಲ್ಲ ಸೈಟ್‌ಗಳೂ ಹಾಗೆ ಮಾಡುವವರೆಗೆ ನನ್ನ ಶಿಫಾರಸು ಯುಬ್ಲಾಕ್ ಆರಿಜಿನ್‌ಗೆ, ಐದರಲ್ಲಿ ನಾಲ್ಕೂವರೆ ಅಂಕ. ಅಮ್ಮನ ಫೋನಿಗೂ ಹಾಕಿಕೊಟ್ಟಿದ್ದೇನೆ, ಅವರು ಹಣ ಕಟ್ಟುವ ಸೈಟ್‌ಗಳಲ್ಲಿ ಮೊದಲೇ ಆಫ್ ಮಾಡಿಟ್ಟಿದ್ದೇನೆ. ಹಾಕಿಕೊಂಡವರು ಇನ್ನೊಂದು ಕೆಲಸವನ್ನೂ ಕಲಿತಿರಬೇಕು. ಬ್ಯಾನರ್ ತಪ್ಪಿಸಿಕೊಂಡು ಬಂದರೆ ಅಥವಾ ಪುಟ ಕೆಟ್ಟರೆ, ಐಕಾನ್ ಒತ್ತಿದಾಗ ಮಾತಿನ ಗುಳ್ಳೆಯ ಚಿತ್ರವೊಂದು ಕಾಣುತ್ತದೆ. ಅದನ್ನು ಒತ್ತಿದರೆ, ಮೊದಲು ಪಟ್ಟಿಗಳನ್ನು ಹೊಸದಾಗಿಸಿ ನೋಡಿ ಎಂದು ಹೇಳಿ, ಆಮೇಲೂ ಸರಿಹೋಗದಿದ್ದರೆ ದೂರನ್ನು ತುಂಬಲು ಬಿಡುತ್ತದೆ. ಅದಕ್ಕೆ, ಪ್ರೋಗ್ರಾಂ ಬರೆಯುವವರು ಬಳಸುವ ಗಿಟ್‌ಹಬ್ ಎಂಬ ತಾಣದಲ್ಲಿ ಖಾತೆ ಬೇಕಾಗುತ್ತದೆ. ಆ ಟಿಕೆಟ್ ಸೈಟಿನ ಬಗ್ಗೆ ನಾನು ಒಂದು ರಾತ್ರಿ ಬರೆದು ಹಾಕಿದೆ. ಸಂಬಳವಿಲ್ಲದೆ ಈ ಪಟ್ಟಿಗಳನ್ನು ನೋಡಿಕೊಳ್ಳುವ ಯಾರೋ ಒಬ್ಬರು ಅದನ್ನು ಪರೀಕ್ಷಿಸಿ ನಿಯಮವನ್ನು ತಿದ್ದಿದರು. ಮುಂದಿನ ಸಲ ಅಲ್ಲಿ ಟಿಕೆಟ್ ತೆಗೆಯುವಾಗ, ಸರಿಹೋಗಿದೆಯೇ ಎಂದು ನೋಡಲೆಂದೇ ಎಕ್ಸ್‌ಟೆನ್ಷನನ್ನು ಆನ್ ಆಗಿಯೇ ಬಿಟ್ಟೆ, ಕೊನೆಯ ಬಟನ್ ಮೊದಲ ಒತ್ತಿಗೇ ಕೆಲಸ ಮಾಡಿತು.